ಓರಗಿತ್ತಿಗೆ ಬಡಿಸಿದ ಕೆಂಡ

ಟೈಲರಮ್ಮ ಸಿಟ್ಟು ಬಂದರೆ ಕೂಗಾಡುವವಳಲ್ಲ. ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತಾಳೆ, ಅಷ್ಟೇ. ಆ ದಿನ ಮಧ್ಯಾಹ್ನ ಮುಂದಿನ ಕೋಣೆಯಿಂದ ಯಂತ್ರದ ಸದ್ದು ಒಂದೇ ಸಮನೆ ಬರತೊಡಗಿದಾಗ, ಒಳಗೆ ರೇಡಿಯೋ ಕೇಳುತ್ತಿದ್ದ ಮಾವ ಅದನ್ನು ಆರಿಸಿ, ಇವತ್ತು ಯಾರಿಗೋ ಕಾದಿದೆ ಎಂದುಕೊಂಡರು. ಲಾರಿ ಓಡಿಸಿ ಓಡಿಸಿ ಬೆನ್ನು ಹಾಳುಮಾಡಿಕೊಂಡು ಮನೆ ಸೇರಿದ ಮುದುಕರು. ಎಂಜಿನ್ನಿನ ಸದ್ದಿನ ಮೇಲೆ ಅದರ ಆರೋಗ್ಯ ಹೇಳುತ್ತಿದ್ದವರಿಗೆ ಸೊಸೆಯ ಯಂತ್ರದ ಸದ್ದು ಅರ್ಥವಾಗದೆ ಇರುತ್ತದೆಯೇ?

ಆಗಿದ್ದಿಷ್ಟು. ಟೈಲರಮ್ಮನ ಮಗಳು ಪುಟ್ಟ ಮಕ್ಕಳಿಗೆ ಕಲಿಸುವ ತರಬೇತಿ ಮುಗಿಸಿದ್ದಳು. ರಜೆ ಕಳೆದು ಶಾಲೆ ತೆರೆದ ಕೂಡಲೇ ಚರ್ಚಿನ ಶಿಶುವಿಹಾರದಲ್ಲಿ ಕೆಲಸಕ್ಕೆ ಬರಬೇಕೆಂದು ಅಲ್ಲಿನ ಹೆಡ್‌ಮಿಸ್ಸೇ ಬಾಯಿಬಿಟ್ಟು ಹೇಳಿದ್ದರು. ಈ ದಿನ ಆ ಹೆಡ್‌ಮಿಸ್ಸು ಹೊಲಿಯಲು ಕೊಟ್ಟಿದ್ದ ಬಟ್ಟೆ ಒಯ್ಯಲು ಬಂದರು. ಬಟ್ಟೆಯನ್ನು ಬಗಲಿಗೆ ಸೇರಿಸಿಕೊಂಡು, ಮುಖದ ತುಂಬ ಮರುಕ ತಂದುಕೊಂಡು, ಮಗಳಿಗೆ ಈಗ ಹೇಗಿದೆ, ಫಿಟ್ಸ್ ಬಂದರೆ ತುಂಬ ಹೊತ್ತು ಇರುತ್ತದೆಯೇ, ಮಹಿಳಾ ಕೂಟದಲ್ಲಿ ನಾವೆಲ್ಲ ಅವಳ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದೇವೆ ಎಂದರು. ಮಗಳಿಗೆ ಹೈಸ್ಕೂಲಿನಲ್ಲಿದ್ದಾಗಿನಿಂದ ಆ ಕಾಯಿಲೆ ಇದ್ದದ್ದು ನಿಜ. ಆದರೆ ಮಾತ್ರೆ ಬಿಡದೆ ತೆಗೆದುಕೊಳ್ಳುತ್ತಿದ್ದಳು, ತರಬೇತಿಗೆ ಸೇರಿದ ಮೇಲೆ ಒಮ್ಮೆಯೂ ಬಂದಿರಲಿಲ್ಲ. ಈ ವಿಷಯ ಮನೆಯ ಗೋಡೆ ದಾಟದಂತೆ ಟೈಲರಮ್ಮ ಇಷ್ಟು ವರ್ಷ ಕಾಪಾಡಿದ್ದಳು.

"ಪುಟ್ಟ ಮಕ್ಕಳ ವಿಷಯ ಅಲ್ವಾ ಟೈಲರಮ್ಮ, ಈ ವರ್ಷ ಬೇಡ. ಅವಳು ಆರಾಮಾಗಿ ಮನೇಲಿರಲಿ. ಮುಂದಿನ ವರ್ಷ ನೋಡೋಣ," ಎಂದು ಹೆಡ್‌ಮಿಸ್ಸು ಮೆಟ್ಟಿಲಿಳಿದರು.

ಹೇಳಿದ್ದು ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಮನೆಯಿಂದ ಮಹಿಳಾ ಕೂಟಕ್ಕೆ ಹೋಗುವವಳು ಓರಗಿತ್ತಿ ಒಬ್ಬಳೇ. ಮನೆಯಲ್ಲಿ ಅವಳನ್ನು ಚಿಕ್ಕವಳು ಎನ್ನುತ್ತಾರೆ. ಬೇಕರಿಯ ಕೌಂಟರಿನಲ್ಲಿ ನಿಂತು ಬೆಳಗಿನಿಂದ ಸಂಜೆಯವರೆಗೆ ಬ್ರೆಡ್ಡಿನ ಜೊತೆ ಮಾತನ್ನೂ ಕಟ್ಟಿಕೊಡುವ ಹೆಂಗಸು. ಒಳ್ಳೆಯವಳೇ, ಕೆಟ್ಟವಳೆಂದು ಯಾರೂ ಹೇಳಲಾರರು. ಆದರೆ ಅವಳ ಹೊಟ್ಟೆಯಲ್ಲಿ ಒಂದು ಮಾತು ನಿಂತರೆ ಅವಳಿಗೆ ಅಜೀರ್ಣವಾಗುತ್ತದೆ.

ಸಂಜೆ ಅವಳು ಚಪ್ಪಲಿ ಬಿಡುವಷ್ಟರಲ್ಲೇ ಟೈಲರಮ್ಮ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು.

"ನನ್ನ ಮಗಳ ವಿಷಯ ಕೂಟದಲ್ಲಿ ಹೇಳಿದ್ದು ನೀನಾ?"

"ಹೇಳಿದ್ದಲ್ಲ ಅಕ್ಕ, ಪ್ರಾರ್ಥನೆಗೆ ಇಟ್ಟಿದ್ದು. ಕೆಲಸಕ್ಕೆ ಸೇರ್ತಾಳಲ್ಲ, ಒಳ್ಳೇದಾಗ್ಲಿ ಅಂತ."

"ಡಂಗುರ ಸಾರಿದ್ದು ಅನ್ನು. ಕಣ್ಣು ಮುಚ್ಚಿಕೊಂಡು ಸಾರಿದೆ, ಅಷ್ಟೇ ವ್ಯತ್ಯಾಸ."

ಚಿಕ್ಕವಳಿಗೂ ರೇಗಿತು. ದೇವರ ಮುಂದೆ ಹೇಳಿದ್ದನ್ನು ಚಾಡಿ ಎಂದರೆ ತಾನು ಸುಮ್ಮನಿರುವವಳಲ್ಲ, ಹೆಡ್‌ಮಿಸ್ಸು ಅಲ್ಲಿ ಕೂತಿದ್ದರೆ ಅದು ತನ್ನ ತಪ್ಪೇ ಎಂದಳು. ಮಾತಿಗೆ ಮಾತು ಬೆಳೆಯಿತು. ಬಸ್ ಡಿಪೋದಿಂದ ಬಂದ ಟೈಲರಮ್ಮನ ಗಂಡ ಗ್ರೀಸಿನ ಕೈಯಲ್ಲೇ ನಿಂತು ಇಬ್ಬರನ್ನೂ ನೋಡಿದ. ಮನೆಗಳಿಗೆ ಬಣ್ಣ ಬಳಿಯುವ ಮೈದುನ ಹೆಂಡತಿಯ ಪರ ಒಂದು ಮಾತು ಆಡಲು ಹೋಗಿ, ಅತ್ತಿಗೆಯ ಮುಖ ನೋಡಿ ನುಂಗಿಕೊಂಡ. ಕೊನೆಗೆ ಮಾವ, ಅನ್ನ ಆರುತ್ತಿದೆ, ಪ್ರಾರ್ಥನೆ ಮಾಡಿ ಎಂದರು. ಆ ಮನೆಯಲ್ಲಿ ರಾತ್ರಿಯೂಟಕ್ಕೆ ಮುಂಚೆ ದಿನಕ್ಕೊಬ್ಬರು ಸರದಿಯ ಮೇಲೆ ಪ್ರಾರ್ಥಿಸುವ ರೂಢಿ. ಅವತ್ತು ಸರದಿ ಚಿಕ್ಕವಳದ್ದೇ ಆಗಬೇಕೇ? ಅವಳು ಕೈ ಜೋಡಿಸಿ, ಈ ಮನೆಯಲ್ಲಿ ಕೋಪ ತುಂಬಿದ ಹೃದಯಗಳನ್ನು ಮೆತ್ತಗೆ ಮಾಡು ಕರ್ತನೇ ಎಂದು ಬೇಡಿಕೊಂಡಳು. ಟೈಲರಮ್ಮ ಕಣ್ಣು ಮುಚ್ಚಿಕೊಂಡೇ ಹಲ್ಲು ಕಡಿದಳು.

ಮಗಳು ಊಟ ಮುಗಿಸಿ ತನ್ನ ತಟ್ಟೆ ತೊಳೆದಿಟ್ಟು, ಮಾತ್ರೆ ನುಂಗಿ, ಮಕ್ಕಳಿಗೆಂದು ಬಣ್ಣದ ಕಾಗದದಲ್ಲಿ ಕತ್ತರಿಸಿಟ್ಟಿದ್ದ ಹಕ್ಕಿ ಮೀನುಗಳನ್ನೆಲ್ಲ ಒಂದು ಡಬ್ಬಿಗೆ ತುಂಬಿ ಅಟ್ಟಕ್ಕೆ ಹಾಕಿದಳು. ಅದನ್ನು ನೋಡಿದ ಕ್ಷಣ ಟೈಲರಮ್ಮ ನಿರ್ಧರಿಸಿಬಿಟ್ಟಳು. ಇದಕ್ಕೆ ಸರಿಯಾಗಿ ಹಗೆ ತೀರಿಸಿಕೊಳ್ಳದಿದ್ದರೆ ತಾನು ತಾಯಿಯೇ ಅಲ್ಲ.

ಹೇಗೆ ತೀರಿಸಿಕೊಳ್ಳುವುದು ಎಂಬುದನ್ನು ಹೇಳಿಕೊಟ್ಟವರು, ಪಾಪ, ಪಾಸ್ಟರು. ಸಾಮಾನ್ಯವಾಗಿ ಭಾನುವಾರದ ಪ್ರಸಂಗದ ಹೊತ್ತಿನಲ್ಲಿ ಟೈಲರಮ್ಮ ಮುಂದೆ ಕೂತವರ ಬೆನ್ನ ಮೇಲಿನ ಹೊಲಿಗೆ ಪರೀಕ್ಷಿಸುತ್ತಿರುತ್ತಾಳೆ. ಆ ಭಾನುವಾರ ಪಾಸ್ಟರು, ಕೇಡು ಮಾಡಿದವರು ಹಸಿದಿದ್ದರೆ ಊಟ ಹಾಕಬೇಕು, ಬಾಯಾರಿದ್ದರೆ ನೀರು ಕೊಡಬೇಕು, ಹಾಗೆ ಮಾಡಿದರೆ ಅವರ ತಲೆಯ ಮೇಲೆ ಉರಿಯುವ ಕೆಂಡ ಸುರಿದಂತೆ ಎಂದು ಹೇಳಿದರು. ಟೈಲರಮ್ಮನ ಕಿವಿ ನೆಟ್ಟಗಾಯಿತು. ಆಮೇಲೆ ಅವರು ಪ್ರೀತಿ, ಪಶ್ಚಾತ್ತಾಪ ಎಂದು ತುಂಬ ಹೊತ್ತು ವಿವರಿಸಿದರು. ಅದು ಯಾವುದೂ ಇವಳ ತಲೆಗೆ ಇಳಿಯಲಿಲ್ಲ. ಕೆಂಡ ಎಂಬ ಒಂದು ಮಾತನ್ನು ಹಿಡಿದುಕೊಂಡು ಕೂತಳು.

ಆರಾಧನೆ ಮುಗಿದು ಹೊರಬರುವಾಗ ಬಾಗಿಲಲ್ಲಿ ಕೈಕುಲುಕುತ್ತಿದ್ದ ಪಾಸ್ಟರನ್ನು ತಡೆದು ಕೇಳಿದಳು, "ಪಾಸ್ಟರೇ, ಆ ಕೆಂಡ ಸುಡೋಕೆ ಎಷ್ಟು ದಿನ ಹಿಡಿಯುತ್ತೆ?"

ಪಾಸ್ಟರು ಖುಷಿಪಟ್ಟರು. ತಮ್ಮ ಪ್ರಸಂಗದ ಬಗ್ಗೆ ಯಾರೂ ಹೀಗೆ ಆಸಕ್ತಿಯಿಂದ ಪ್ರಶ್ನೆ ಕೇಳಿರಲಿಲ್ಲ. "ಒಂದೇ ದಿನಕ್ಕೆ ಆಗಲ್ಲಮ್ಮ. ಬೇಸರ ಮಾಡ್ಕೊಳ್ಳದೆ ಮಾಡ್ತಾ ಇರಬೇಕು," ಎಂದರು.

ಬೇಸರವೇ? ಹಗೆ ತೀರಿಸುವ ಕೆಲಸಕ್ಕೆ ಯಾರಾದರೂ ಬೇಸರಪಟ್ಟುಕೊಳ್ಳುತ್ತಾರೆಯೇ? ಅವತ್ತು ಮಧ್ಯಾಹ್ನವೇ ಶುರುವಾಯಿತು. ಮೀನಿನ ದಪ್ಪ ನಡುತುಂಡು ಆ ಮನೆಯಲ್ಲಿ ಯಾವತ್ತೂ ಮಾವನ ತಟ್ಟೆಗೆ ಹೋಗುವುದು. ಟೈಲರಮ್ಮ ಅದನ್ನು ಸೌಟಿನಲ್ಲಿ ಜೋಪಾನವಾಗಿ ಎತ್ತಿ ಓರಗಿತ್ತಿಯ ತಟ್ಟೆಗೆ ಹಾಕಿದಳು. ಎಲ್ಲರ ಕೈಯೂ ನಿಂತಿತು.

"ತಿನ್ನು ತಂಗಿ. ದಿನಾ ನಿಂತು ನಿಂತು ಸೊರಗಿ ಹೋಗಿದ್ದೀಯ," ಎಂದಳು.

ತಂಗಿ ಎಂಬ ಮಾತು ಆಕೆಯ ಬಾಯಿಂದ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಚಿಕ್ಕವಳು ತುಂಡನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿದಳು. ಆಮೇಲೆ, ಸಿಕ್ಕಿದ್ದನ್ನು ಬಿಡುವುದೇಕೆ ಎಂದು ತಿಂದಳು. ಮುಳ್ಳಿಗೆ ಅಂಟಿದ್ದನ್ನೂ ಉಳಿಸಲಿಲ್ಲ.

ಅವತ್ತಿನಿಂದ ಟೈಲರಮ್ಮ ನೀರು ಕಾಯಿಸಿ ಓರಗಿತ್ತಿಯ ಸ್ನಾನಕ್ಕಿಟ್ಟಳು. ಅವಳ ಬೇಕರಿಯ ಕೋಟಿಗೆ ಇಸ್ತ್ರಿ ಹಾಕಿ ಗೂಟಕ್ಕೆ ತೂಗಿಸಿದಳು. ಸಂಜೆ ಅವಳು ಪಾತ್ರೆ ತೊಳೆಯಲು ಕೂತರೆ ಕೈಯಿಂದ ಕಿತ್ತುಕೊಂಡು, ನೀನು ಕಾಲು ಚಾಚಿಕೋ ಎಂದು ಕಳಿಸಿದಳು. ಇಷ್ಟನ್ನೂ ಮಾಡುವಾಗ ಆಕೆಯ ಕಣ್ಣು ಮಾತ್ರ ಓರಗಿತ್ತಿಯ ಮುಖದ ಮೇಲೇ. ಎಲ್ಲಾದರೂ ಸುಡುತ್ತಿದೆಯೇ, ನಿದ್ದೆ ಕೆಟ್ಟಿದೆಯೇ, ಊಟ ಸೇರುತ್ತಿಲ್ಲವೇ ಎಂದು ದಿನಾ ಹುಡುಕುತ್ತಿದ್ದಳು.

ಎಲ್ಲಿಯ ಸುಡುವುದು? ಚಿಕ್ಕವಳು ವಾರ ಕಳೆಯುವಷ್ಟರಲ್ಲಿ ಅರಳಿಕೊಂಡಳು. ಕೆನ್ನೆ ತುಂಬಿತು. ಬೆಳಿಗ್ಗೆ ಕೀರ್ತನೆ ಗುನುಗುತ್ತ ಬಿಸಿನೀರು ಸುರಿದುಕೊಳ್ಳುತ್ತಿದ್ದಳು. ಮುಂದಿನ ಭಾನುವಾರ, ದೇವರು ಮಾಡಿದ ಒಳಿತಿಗೆ ಎಲ್ಲರ ಮುಂದೆ ಸಾಕ್ಷಿ ಹೇಳುವ ಸಮಯದಲ್ಲಿ ಎದ್ದುನಿಂತು, ನಮ್ಮ ಮನೆಯಲ್ಲಿ ಈಗ ಸ್ವರ್ಗದ ಸಂತೋಷವಿದೆ, ನಮ್ಮಕ್ಕನನ್ನು ಕರ್ತನು ಹೇಗೆ ಬದಲಾಯಿಸಿದ್ದಾನೆ ನೋಡಿ, ಕ್ರೈಸ್ತರ ಮನೆ ಅಂದರೆ ಹೀಗಿರಬೇಕು ಎಂದು ಹೇಳಿ ಕೂತಳು. ಸಭೆಯೆಲ್ಲ ಸ್ತೋತ್ರ ಎಂದಿತು. ಎಲ್ಲರೂ ತಿರುಗಿ ನೋಡಿ ನಕ್ಕರು. ಟೈಲರಮ್ಮನೂ ನಗಬೇಕಾಯಿತು.

ಮನೆಯ ಉಳಿದವರಿಗೆ ಈ ಸ್ವರ್ಗದ ಸುಖವೇನೂ ತಟ್ಟಲಿಲ್ಲ. ಮೀನಿನ ತಲೆ ಚೀಪುತ್ತ ಗಂಡ ಒಂದು ದಿನ ಕೇಳಿಯೇಬಿಟ್ಟ.

"ಅಲ್ಲ ಕಣೇ, ಸಿಟ್ಟಿದ್ದವರಿಗೆ ನಡುತುಂಡು ಸಿಗೋದಾದ್ರೆ ನನ್ನ ಮೇಲೂ ಸ್ವಲ್ಪ ಸಿಟ್ಟು ಮಾಡ್ಕೋ."

"ನನಗ್ಯಾರ ಮೇಲೂ ಸಿಟ್ಟಿಲ್ಲರೀ."

"ಸಿಟ್ಟಿಲ್ಲದೆ ಇದ್ದಾಗ ನೀನು ಇಷ್ಟು ನಯವಾಗಿ ಮಾತಾಡಿದ್ದು ನಾನು ಕಂಡಿಲ್ಲ," ಎಂದು ಅವನು ತಲೆಯನ್ನೇ ಮತ್ತೆ ಚೀಪಿದ. ಮಾವ ಕೆಮ್ಮಿನ ನೆಪದಲ್ಲಿ ನಕ್ಕರು.

ಚಿಕ್ಕವಳ ಕೆಲಸವೆಲ್ಲ ಈಗ ಯಾರ ತಲೆಗೆ ಬಿತ್ತು ಎಂದು ಟೈಲರಮ್ಮ ಯೋಚಿಸಲಿಲ್ಲ. ಹೊಲಿಗೆಯೂ ಇತ್ತು, ಸೇವೆಯೂ ಇತ್ತು, ಆಕೆಗಿದ್ದದ್ದು ಎರಡೇ ಕೈ. ಹೀಗಾಗಿ ಪಾತ್ರೆ, ನೆಲ, ಒಗೆಯುವ ಬಟ್ಟೆ ಎಲ್ಲ ಮಗಳ ಪಾಲಾಯಿತು. ಅದು ಮುಗಿದರೆ ಯೂನಿಫಾರ್ಮುಗಳಿಗೆ ಗುಂಡಿ ಹಚ್ಚುವುದು. ತಾನು ಕಲಿಸಬೇಕಾಗಿದ್ದ ಶಾಲೆಯದೇ ಪುಟ್ಟ ಪುಟ್ಟ ಅಂಗಿಗಳು. ಹುಡುಗಿ ತಲೆ ಬಗ್ಗಿಸಿ ಹಚ್ಚುತ್ತಿದ್ದಳು. ಅಮ್ಮ, ಹೆಡ್‌ಮಿಸ್ ಹತ್ತಿರ ನಾನೇ ಹೋಗಿ ಮಾತಾಡಲಾ ಎಂದು ಒಂದು ಸಲ ಕೇಳಿದಳು. ಸುಮ್ಮನಿರು, ಮೊದಲು ಇವಳದ್ದು ಮುಗಿಯಲಿ ಎಂದು ಟೈಲರಮ್ಮ ದಾರ ಕಚ್ಚಿ ಹರಿದಳು.

ಕೆಂಡ ಸಾಲದೆಂದು ಟೈಲರಮ್ಮನಿಗೆ ಖಚಿತವಾಯಿತು. ಬೀರುವಿನಲ್ಲಿ ತಿಳಿನೀಲಿಯ ಒಂದು ಒಳ್ಳೆಯ ಬಟ್ಟೆಯಿತ್ತು. ಮಗಳು ಮೊದಲ ದಿನ ಶಾಲೆಗೆ ತೊಟ್ಟುಹೋಗಲೆಂದು ಅಂಗಡಿಯಲ್ಲಿ ಮುಟ್ಟಿ, ಹಿಂಡಿ, ಬೆಳಕಿಗೆ ಹಿಡಿದು ಆರಿಸಿ ತಂದದ್ದು. ಅದನ್ನು ಹೊರತೆಗೆದು ಓರಗಿತ್ತಿಯ ಅಳತೆಗೆ ಕತ್ತರಿಸಿದಳು. ಗುಂಡಿ ಹಚ್ಚುತ್ತಿದ್ದ ಮಗಳ ಕೈ ಒಂದು ಗಳಿಗೆ ನಿಂತಿತು.

"ಅಮ್ಮ, ಅದು ನನ್ನದಲ್ವಾ?"

"ನಿನಗೆ ಇನ್ನೊಂದು ತಂದರಾಯ್ತು. ಇದು ಈಗ ಬೇಕು."

ಮಗಳು ಎದ್ದು ಹಿತ್ತಲಿಗೆ ಹೋದಳು. ಟೈಲರಮ್ಮ ಯಂತ್ರ ತುಳಿಯುತ್ತಲೇ ಇದ್ದಳು. ಅಷ್ಟು ಚಂದದ ಹೊಲಿಗೆಯನ್ನು ಆಕೆ ತನ್ನ ಮದುವೆಯ ಬಟ್ಟೆಗೂ ಹಾಕಿರಲಿಲ್ಲ.

ಶನಿವಾರ ಊಟಕ್ಕೆ ಮುಂಚೆ ಅದನ್ನು ಮಡಿಚಿ ಓರಗಿತ್ತಿಯ ಕೈಗಿಟ್ಟಳು. ಚಿಕ್ಕವಳು ಸಂಭ್ರಮದಿಂದ ಬಿಡಿಸಿದಳು, ಮೈಗೆ ಹಿಡಿದು ನೋಡಿಕೊಂಡಳು. ಹಾಗೆ ನೋಡುತ್ತಿದ್ದವಳ ನಗು ನಿಂತಿತು. ಈ ಬಟ್ಟೆ ಕೊಂಡ ದಿನ ಅವಳೂ ಅಂಗಡಿಗೆ ಜೊತೆಗೆ ಹೋಗಿದ್ದಳು. ಬಣ್ಣ ಆರಿಸಿದ್ದೇ ಅವಳು.

"ಅಕ್ಕ, ಇದು ಅವಳ ಶಾಲೆಗೆ ಅಂತ..."

"ಶಾಲೆ ಎಲ್ಲಿದೆ ತಂಗಿ ಈಗ? ಬಟ್ಟೆ ಸುಮ್ಮನೆ ಹಾಳಾಗಬಾರದಲ್ಲ. ನೀನು ಹಾಕ್ಕೋ. ನಿನಗೇ ಒಪ್ಪುತ್ತೆ."

ಚಿಕ್ಕವಳ ಮುಖ ಕಿವಿಯವರೆಗೂ ಕೆಂಪಾಯಿತು. ಅವತ್ತು ತಟ್ಟೆಯಲ್ಲಿ ಅನ್ನ ಕಲಸಿದವಳು ಬಾಯಿಗಿಡಲಿಲ್ಲ. ಅದನ್ನು ಕಂಡು ಟೈಲರಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎಷ್ಟೋ ದಿನದ ಮೇಲೆ ಆಕೆ ಎರಡನೇ ಸಲ ಅನ್ನ ಹಾಕಿಸಿಕೊಂಡಳು.

ಇನ್ನು ಕೇಳಬೇಕೇ? ಗಾಯ ಎಲ್ಲಿದೆಯೆಂದು ಗೊತ್ತಾಯಿತು, ಅಲ್ಲೇ ಒತ್ತತೊಡಗಿದಳು. ಚಿಕ್ಕವಳು ಬೇಡ ಬೇಡವೆಂದರೂ ಮೊಟ್ಟೆ ಬೇಯಿಸಿ ಡಬ್ಬಿಗೆ ಹಾಕಿದಳು. ಚಿಕ್ಕವಳು ಬೆಳಕು ಹರಿಯುವ ಮುಂಚೆ ಎದ್ದು ನೆಲ ಒರೆಸಿದರೆ, ಅಯ್ಯೋ ನಿನಗ್ಯಾಕೆ ಕಷ್ಟ ಎಂದು ಅದೇ ನೆಲವನ್ನು ಮತ್ತೆ ಒರೆಸಿದಳು. ಚಿಕ್ಕವಳು ಅಡುಗೆಮನೆ, ಹಿತ್ತಲು, ಯಂತ್ರದ ಕೋಣೆ ಎಂದು ಅಕ್ಕನ ಹಿಂದೆ ಮುಂದೆ ತಿರುಗಿದಳು. ಕೊನೆಗೊಂದು ಸಂಜೆ ಒಲೆಯ ಮುಂದೆ ಟೈಲರಮ್ಮನ ಕೈ ಹಿಡಿದುಕೊಂಡಳು.

"ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ, ಬೈದುಬಿಡಿ ನನ್ನ. ಬೇಕಾದ್ರೆ ಎರಡೇಟು ಹಾಕಿ."

"ಯಾಕೆ ಬೈಲಿ? ನೀನೇನು ಮಾಡಿದ್ದೀಯ? ಪ್ರಾರ್ಥನೆ ಅಲ್ವಾ ಮಾಡಿದ್ದು?"

"ತಪ್ಪಾಯ್ತು ಅಂತಿದ್ದೀನಲ್ಲ."

"ತಪ್ಪು ಎಲ್ಲಿ ಆಯ್ತೋ ಅಲ್ಲಿ ಹೇಳ್ಬೇಕಮ್ಮ. ಒಲೆ ಮುಂದೆ ಹೇಳಿದ್ರೆ ಯಾರಿಗೆ ಕೇಳುತ್ತೆ?" ಎಂದು ಟೈಲರಮ್ಮ ಮೆತ್ತಗೆ ಕೈ ಬಿಡಿಸಿಕೊಂಡಳು.

ಇದೇ ಆಕೆಗೆ ಬೇಕಾಗಿದ್ದದ್ದು. ಬುಧವಾರ ಮಹಿಳಾ ಕೂಟದಲ್ಲಿ ಎಲ್ಲರೆದುರು ಎದ್ದುನಿಂತು ತಪ್ಪೊಪ್ಪಿಕೊಳ್ಳುತ್ತೇನೆ ಎಂದು ಚಿಕ್ಕವಳು ಮಾವನ ಮುಂದೆ ಹೇಳಿದಳು. ಟೈಲರಮ್ಮ ಬುಧವಾರ ಹೊಲಿಗೆಯನ್ನೆಲ್ಲ ಬದಿಗಿಟ್ಟು ತಾನೂ ಹೊರಟಳು. ಬರುವುದಿಲ್ಲವೆಂದ ಮಗಳನ್ನೂ ಹೊರಡಿಸಿದಳು. ನಿನ್ನ ಕಣ್ಣಾರೆ ನೋಡು, ನಿನ್ನ ಜೀವ ತಣ್ಣಗಾಗುತ್ತೆ ಎಂದಳು. ಮಾವ ಬಾಗಿಲಲ್ಲಿ ನಿಂತು, ಹುಡುಗಿಯನ್ನ ಕೇಳಿದ್ದೀಯೇನಮ್ಮ ಎಂದದ್ದು ಆಕೆಯ ಕಿವಿಗೆ ಬಿತ್ತು. ಉತ್ತರ ಕೊಡುವ ಪುರುಸೊತ್ತು ಇರಲಿಲ್ಲ.

ಅವತ್ತು ಕೂಟದ ವಾರ್ಷಿಕ ಸಭೆ. ಬೇರೆ ಬೀದಿಗಳ ಕೂಟದವರೂ ಬಂದು ಚರ್ಚಿನ ಹಿಂದಿನ ಹಾಲು ಕಿಕ್ಕಿರಿದಿತ್ತು. ಹೆಡ್‌ಮಿಸ್ಸು ಮುಂದಿನ ಸಾಲಿನಲ್ಲಿದ್ದರು. ಟೈಲರಮ್ಮ ಚೆನ್ನಾಗಿ ಕಾಣುವ ಜಾಗ ಹುಡುಕಿ ಕೂತಳು. ಚಿಕ್ಕವಳು ತಿಳಿನೀಲಿ ಬಟ್ಟೆಯಲ್ಲೇ ಬಂದಿದ್ದಳು. ಎದ್ದುನಿಂತು ಎರಡು ಮಾತಾಡುವಷ್ಟರಲ್ಲೇ ಅಳತೊಡಗಿದಳು. ತಾನು ಪ್ರಾರ್ಥನೆಯ ಹೆಸರಿನಲ್ಲಿ ಮನೆಯ ಗುಟ್ಟು ಹೊರಗೆ ಹಾಕಿದೆ, ತನ್ನ ಬಾಯಿಂದ ಒಂದು ಹುಡುಗಿಯ ಕೆಲಸ ಹೋಯಿತು ಎಂದಳು. ಆಹಾ, ಟೈಲರಮ್ಮನ ಎದೆ ಉಬ್ಬಿತು. ಅಳಲಿ, ಇನ್ನೂ ಅಳಲಿ ಎಂದುಕೊಂಡಳು.

ಆದರೆ ಚಿಕ್ಕವಳಿಗೆ ಮಾತು ನಿಲ್ಲಿಸಿ ಗೊತ್ತಿದ್ದರೆ ತಾನೇ? ಯಾವ ಗುಟ್ಟು ಎಂದು ತಿಳಿಯದೆ ಮುಖ ಮುಖ ನೋಡಿಕೊಳ್ಳುತ್ತಿದ್ದ ಬೇರೆ ಬೀದಿಯವರಿಗೆ ಮೊದಲಿಂದ ಬಿಡಿಸಿ ಹೇಳಿದಳು. ನಮ್ಮ ಈ ಹುಡುಗಿಗೆ ಫಿಟ್ಸ್ ಇದೆ, ಒಂದು ಸಲ ಸ್ನಾನದ ಮನೆಯಲ್ಲಿ ಬಿದ್ದು ನಾಲಿಗೆ ಕಚ್ಚಿಕೊಂಡಿದ್ದಳು, ಬಟ್ಟೆಯೆಲ್ಲ ಒದ್ದೆಯಾಗಿತ್ತು, ನಾನೇ ಎತ್ತಿದ್ದು, ಅಂಥ ಮಗುವಿನ ಮಾನ ಕಾಪಾಡಲಿಲ್ಲವಲ್ಲ ನಾನು ಎಂದು ಎದೆ ಬಡಿದುಕೊಂಡಳು. ಅಷ್ಟೂ ತಲೆಗಳು ಒಟ್ಟಿಗೆ ತಿರುಗಿದವು. ಮದುವೆ ಆಗಿದೆಯಾ ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು.

ಟೈಲರಮ್ಮ ಪಕ್ಕಕ್ಕೆ ನೋಡಿದಳು. ಮಗಳು ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ನೆಲ ನೋಡುತ್ತ, ಬಿಳಿಚಿಕೊಂಡು ಕೂತಿದ್ದಳು. ಮೊದಲು ತಿಳಿದಿದ್ದದ್ದು ಬೆರಳೆಣಿಕೆಯ ಹೆಂಗಸರಿಗೆ. ಈಗ ಊರಿಗೇ ತಿಳಿಯಿತು. ಅಲ್ಲಿ ಹೇಳು ಎಂದು ಕಳಿಸಿದವಳು ತಾನೇ, ಹುಡುಗಿಯನ್ನು ಕೈ ಹಿಡಿದು ತಂದು ಕೂರಿಸಿದವಳೂ ತಾನೇ.

"ಬಾ, ಹೋಗೋಣ," ಎಂದು ತೋಳು ಹಿಡಿದಳು. ಮಗಳು ತೋಳು ಬಿಡಿಸಿಕೊಂಡು ಎದ್ದುನಿಂತಳು. ಬಾಗಿಲ ಕಡೆಗಲ್ಲ, ಮುಂದಕ್ಕೆ ಹೋದಳು.

"ಎಲ್ಲರೂ ನನ್ನ ಬಗ್ಗೆನೇ ಮಾತಾಡ್ತಿದ್ದೀರಿ. ನಾನೂ ಸ್ವಲ್ಪ ಮಾತಾಡ್ತೀನಿ," ಎಂದಳು. "ನನಗೆ ಫಿಟ್ಸ್ ಇದೆ. ಮಾತ್ರೆ ತಪ್ಪಿಸಲ್ಲ. ತರಬೇತಿಯ ಅಷ್ಟೂ ಕಾಲ ಮಕ್ಕಳ ಜೊತೆ ಇದ್ದೆ, ಒಂದು ಸಲವೂ ಬರಲಿಲ್ಲ. ಬಂದ್ರೂ ಬರಬಹುದು. ಬಂದ್ರೆ ನನ್ನ ಒಂದು ಪಕ್ಕಕ್ಕೆ ಮಲಗಿಸಿ. ಬಾಯಿಗೆ ಚಮಚ ತುರುಕಬೇಡಿ, ಕೈಕಾಲು ಅದುಮಬೇಡಿ. ತಾನಾಗೇ ನಿಲ್ಲುತ್ತೆ. ಬೇಗ ನಿಲ್ಲದಿದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಇಷ್ಟೇ ಇರೋದು. ಇನ್ನೇನಾದ್ರೂ ತಿಳ್ಕೋಬೇಕಂದ್ರೆ ನನ್ನನ್ನ ಕೇಳಿ. ನಾನು ಬದುಕಿದ್ದೀನಿ, ಮಾತೂ ಬರುತ್ತೆ."

ಹೆಡ್‌ಮಿಸ್ಸು ಕನ್ನಡಕ ತೆಗೆದು ಒರೆಸಿಕೊಂಡರು. ಇದನ್ನೆಲ್ಲ ಸೋಮವಾರ ಬಂದು ನಮ್ಮ ಆಯಾಗಳಿಗೂ ಹೇಳಿಕೊಡ್ತೀಯಾ ಎಂದು ಕೇಳಿದರು.

"ಕೆಲಸಕ್ಕಾದ್ರೆ ಬರ್ತೀನಿ ಮಿಸ್. ಬರೀ ಹೇಳಿಕೊಡೋಕೆ ಆದ್ರೆ ಬರಲ್ಲ."

ಹೆಡ್‌ಮಿಸ್ಸು, ಸಮಿತಿಯವರನ್ನು ಕೇಳಬೇಕು, ನಾನು ಮಾತಾಡುತ್ತೇನೆ ಎಂದರು. ಆಗಲಿ ಎಂದು ಮಗಳು ಒಬ್ಬಳೇ ಹೊರಗೆ ನಡೆದಳು.

ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಮುಂದೆ, ತಾಯಿ ಚಿಕ್ಕಮ್ಮ ಇಬ್ಬರೂ ಹಿಂದೆ. ಹಾಲಿನಲ್ಲಿ ಅಷ್ಟನ್ನೂ ಬಿಡಿಸಿ ಹೇಳುವ ಅಗತ್ಯವೇನಿತ್ತು ಎಂದು ಟೈಲರಮ್ಮ ಹಲ್ಲಿನ ಸಂದಿಯಿಂದ ಕೇಳಿದಳು. ಹೇಳು ಹೇಳು ಎಂದು ಪ್ರಾಣ ತಿಂದವರು ಯಾರು ಎಂದು ಚಿಕ್ಕವಳು ತಿರುಗಿಬಿದ್ದಳು. ವಾರಗಟ್ಟಲೆ ತಂಗಿ ತಂಗಿ ಎಂದು ಒಣಗಿದ್ದ ಬಾಯಿಗೆ ಬೈಗುಳ ಸಿಕ್ಕಿದ್ದೇ ತಡ, ಟೈಲರಮ್ಮ ಬೀದಿಯೆಂದೂ ನೋಡಲಿಲ್ಲ. ಮಗಳು ಮನೆಯ ಬಾಗಿಲಲ್ಲಿ ತಿರುಗಿ ನಿಂತಾಗಲೇ ಇಬ್ಬರ ಬಾಯಿಯೂ ಮುಚ್ಚಿದ್ದು.

"ಚಿಕ್ಕಮ್ಮ ನನ್ನ ಕಾಯಿಲೇನ ಪ್ರಾರ್ಥನೆಗೆ ಇಟ್ರು. ನೀನು ಅದನ್ನ ಇಟ್ಕೊಂಡು ಹಗೆ ತೀರಿಸ್ಕೊಂಡೆ," ಎಂದು ಅವಳು ತಾಯಿಗೆ ಹೇಳಿದಳು. "ಪಾತ್ರೆ ತೊಳೆದದ್ದು ನಾನು. ಬಟ್ಟೆ ಹೋದದ್ದು ನನ್ನದು. ಕೆಲಸ ಹೋಗಿ ನನಗೆ ಹೇಗಾಯ್ತು ಅಂತ ಇಷ್ಟು ದಿನದಲ್ಲಿ ಒಂದು ಸಲ ಕೇಳಿದ್ಯಾ?"

ಮಗಳು ಒಳಗೆ ಹೋದಳು.

ಆ ಸಂಜೆ ಯಂತ್ರ ಸದ್ದು ಮಾಡಲಿಲ್ಲ. ಅಡುಗೆಯಾಯಿತು, ಎಲ್ಲರೂ ಕೂತರು. ಇವತ್ತು ಯಾರ ಸರದಿ ಎಂದು ಮಾವ ಕೇಳಿದರು. ಗೊತ್ತಿದ್ದೇ ಕೇಳಿದ್ದು. ಟೈಲರಮ್ಮ ಬಡಿಸುವ ಸೌಟು ಕೈಯಲ್ಲಿದ್ದ ಹಾಗೆಯೇ ಕಣ್ಣು ಮುಚ್ಚಿದಳು. ಇಷ್ಟು ದಿನ ಅತ್ತಿಗೆಯ ಜೇನಿನಂಥ ಉದ್ದನೆಯ ಪ್ರಾರ್ಥನೆ ಕೇಳಿ ಅಭ್ಯಾಸವಾಗಿದ್ದ ಮೈದುನ ಉದ್ದಕ್ಕೆ ಕೂರಲು ಕಾಲು ಸರಿಮಾಡಿಕೊಂಡ.

"ಕರ್ತನೇ, ಅನ್ನ ಕೊಟ್ಟಿದ್ದೀಯ, ಸ್ತೋತ್ರ. ಇವಳನ್ನ ಕ್ಷಮಿಸಿದ್ದೀನಿ ಅಂತ ನನ್ನ ಸರದಿ ಬಂದಾಗೆಲ್ಲ ನಿನ್ನ ಮುಂದೆ ಸುಳ್ಳು ಹೇಳಿದೆ. ಕ್ಷಮಿಸಿಲ್ಲ. ಸಿಟ್ಟು ಹಾಗೇ ಇದೆ. ಅದು ಇಳಿಯೋವರೆಗೂ ಇವಳ ತಟ್ಟೆಗೆ ಎಲ್ಲರಿಗೂ ಬೀಳೋ ಅಷ್ಟೇ ಬೀಳುತ್ತೆ, ಇವಳ ಪಾಲಿನ ಪಾತ್ರೆ ಇವಳೇ ತೊಳೀಬೇಕು. ನನ್ನ ಮಗಳಿಗೆ ಇವಳು ಮಾಡಿದ್ದಕ್ಕಿಂತ ನಾನು ಹೆಚ್ಚು ಮಾಡಿದೆ. ಅದನ್ನ ಕ್ಷಮಿಸು. ಆಮೆನ್."

"ಆಮೆನ್," ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ಚಿಕ್ಕವಳು. ಹೇಳಿ, ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ತಟ್ಟೆ ಹತ್ತಿರ ಎಳೆದುಕೊಂಡಳು.

ಮಗಳು ತಟ್ಟೆ ಮುಟ್ಟಿರಲಿಲ್ಲ. ತಾಯಿಯನ್ನೇ ನೋಡುತ್ತಿದ್ದಳು.

"ಕ್ಷಮಿಸು ಅಂತ ಕರ್ತನ ಹತ್ರ ಯಾಕೆ ಕೇಳ್ತೀಯಮ್ಮ?" ಎಂದಳು. "ನಾನು ಇಲ್ಲೇ ಕೂತಿದ್ದೀನಲ್ಲ."

ಟೈಲರಮ್ಮ ಸೌಟನ್ನು ಪಾತ್ರೆಯಲ್ಲಿಟ್ಟಳು. ದೇವರ ಮುಂದೆ ಅಷ್ಟು ಸಲೀಸಾಗಿ ಬಂದ ಮಾತು ಮಗಳ ಮುಂದೆ ಸುಲಭಕ್ಕೆ ಬರಲಿಲ್ಲ. ಗಂಡ, ಮೈದುನ, ಚಿಕ್ಕವಳು ಎಲ್ಲರೂ ಕೈ ತಡೆದು ಕಾದರು. ಊಟಕ್ಕೆ ಯಾವತ್ತೂ ಅವಸರ ಮಾಡುವ ಮಾವ ಕೂಡ ಅನ್ನಕ್ಕೆ ಕೈ ಹಾಕಲಿಲ್ಲ.

"ತಪ್ಪಾಯ್ತು ಕಣೇ," ಎಂದಳು ಟೈಲರಮ್ಮ, ಕಣ್ಣು ತೆರೆದುಕೊಂಡೇ.